ಹಳೇ ಕಾರಿನಷ್ಟು ಊರು

ನಮ್ಮೂರು ಎಷ್ಟು ದೊಡ್ಡದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾರದೂ ಸುಳ್ಳಲ್ಲ. ಮನೆಯ ಕಾರು ಒಂದು ಸಲ ಚಾರ್ಜು ಮಾಡಿದರೆ ಎಲ್ಲಿಯ ತನಕ ಹೋಗಿ ವಾಪಸು ಬರುತ್ತದೋ ಅಲ್ಲಿಯ ತನಕ ಆ ಮನೆಯವರ ಊರು. ಅದರಾಚೆಗೆ ರಸ್ತೆ ಇಲ್ಲ. ಹೋಗಿಯೇ ತೀರುತ್ತೇನೆ ಎಂದು ಹಟ ಹಿಡಿದು ಹೊರಟರೆ ಒಂದು ತಿರುವು ಬರುತ್ತದೆ, ತಿರುಗಿಸಿದರೆ ನಿಮ್ಮ ಮನೆ ಗೇಟಿನ ಮುಂದೆಯೇ ನಿಂತಿರುತ್ತೀರಿ. ಕಾರು ಹೊಸದಿರುವಾಗ ಊರು ವಿಶಾಲ. ಬ್ಯಾಟರಿಗೆ ವಯಸ್ಸಾದಂತೆ ಅಂಚಿನಿಂದ ಒಂದೊಂದೇ ಬೀದಿ ಉದುರುತ್ತದೆ, ಉದುರಿದ ಬೀದಿಗೆ ಫೋನೂ ಹೋಗುವುದಿಲ್ಲ. ಹೋದ ಮನೆಯವರು ತಮ್ಮ ಪ್ಲಗ್ಗು ಕೊಟ್ಟರೆ ಮಾತು ಬೇರೆ, ವಾಪಸು ಬರುವ ಲೆಕ್ಕ ಬಿಟ್ಟು ಹೋಗುವ ಲೆಕ್ಕವೊಂದೇ ಸಾಕು. ಆದರೆ ಕಾರಿಲ್ಲದ ಮನೆಗೆ ಕರೆಂಟಿನವರು ಆ ಪ್ಲಗ್ಗಿನ ಲೈನು ಎಳೆಯುವುದಿಲ್ಲ. ಕಾರಿಲ್ಲದವರ ಊರು ಅವರ ಕಾಲು ನಡೆದಷ್ಟು. ಇದಕ್ಕೆಲ್ಲ ನಾವು ತಲೆ ಕೆಡಿಸಿಕೊಂಡವರಲ್ಲ. ಮದುವೆಗೆ ಕರೆಯಲು ಹೋದಾಗ, ನಿಮ್ಮೂರಲ್ಲಿ ನಮ್ಮ ಮನೆ ಇನ್ನೂ ಇದೆ ತಾನೇ ಎಂದು ಮೊದಲು ಕೇಳಿಕೊಂಡು ಆಮೇಲೆ ಕುಂಕುಮದ ಬಟ್ಟಲು ಮುಂದೆ ಹಿಡಿಯುತ್ತೇವೆ, ಅಷ್ಟೇ.

ನಮ್ಮ ಕಾರು ಪಾಚಿ ಬಣ್ಣದ್ದು, ನಾನು ಮದುವೆಯಾಗಿ ಬಂದ ವರ್ಷ ಕೊಂಡದ್ದು. ಈಗ ಅದು ಮುದಿಯಾಗಿದೆ. ಕೆರೆ ಹೋಯಿತು, ಸಿನಿಮಾ ಟಾಕೀಸು ಹೋಯಿತು, ಒಳ್ಳೇ ಸೀರೆ ಅಂಗಡಿಗಳಿದ್ದ ಬೀದಿಯಂತೂ ಹೋಗಿ ಕಾಲವಾಯಿತು. ಹೊಸ ಕಾರು ತರುವಷ್ಟು ಅನುಕೂಲ ಮನೆಯಲ್ಲಿ ಇತ್ತು. ತರೋಣ ಎಂದು ನಮ್ಮವರು ಅನ್ನುತ್ತಲೂ ಇದ್ದರು. ಬೇಡ ಎನ್ನುತ್ತಿದ್ದವಳು ನಾನು. ಯಾಕೆ ಎಂದು ನೀವು ಕೇಳಿದರೆ ಎರಡೇ ಮಾತಿನಲ್ಲಿ ಹೇಳಬಲ್ಲೆ: ಗಿರಣಿ ಬೀದಿ.

ಗಿರಣಿ ಬೀದಿಯಲ್ಲಿ ಹಿಟ್ಟಿನ ಗಿರಣಿ ಇದೆ, ಗಿರಣಿಯಲ್ಲಿ ಇಂದುಮತಿ ಇದ್ದಾಳೆ. ನಮ್ಮವರಿಗೆ ಮೊದಲು ಗೊತ್ತು ಮಾಡಿದ್ದ ಹೆಣ್ಣು ಅವಳು. ಇವರು ಹೋಗಿ ನೋಡಿ ಬಂದಿದ್ದರು, ಒಪ್ಪಿಯೂ ಇದ್ದರು. ತಾಂಬೂಲ ಬದಲಾಯಿಸುವ ದಿನ ಹಣ್ಣು ಹೂವಿನ ತಟ್ಟೆಗಳನ್ನು ತುಂಬಿಕೊಂಡು ಹೊರಟ ನಮ್ಮ ಮಾವನ ಹಳೇ ಕಾರು, ಗಿರಣಿ ಬೀದಿಗೆ ತಿರುಗುವಲ್ಲಿ ತಿರುಗಿ, ಮಾವನ ಮನೆ ಗೇಟಿಗೇ ಬಂದು ನಿಂತಿತು. ಆ ಹೆಣ್ಣಿನ ಮನೆಯಲ್ಲಿ ಆಗ ಕಾರಿರಲಿಲ್ಲ, ಹಾಗಾಗಿ ಪ್ಲಗ್ಗೂ ಇರಲಿಲ್ಲ. ದೇವರ ಇಚ್ಛೆ ಇಲ್ಲ ಎಂದರಂತೆ ನಮ್ಮತ್ತೆ. ದೇವರಿಗೇನು ಕೆಲಸವಿಲ್ಲವೇ, ಬ್ಯಾಟರಿಯ ಇಚ್ಛೆ ಇರಲಿಲ್ಲ. ಆಮೇಲೆ ಆ ಬ್ಯಾಟರಿಯ ಅಳತೆಯೊಳಗೆ ಯಾವ ಹೆಣ್ಣಿದೆ ಎಂದು ಹುಡುಕಿದರು, ನಾನು ಸಿಕ್ಕೆ. ನನ್ನ ತವರಿನ ಓಣಿ ಗಿರಣಿ ಬೀದಿಗಿಂತ ಎರಡು ತಿರುವು ಈಚೆಗಿತ್ತು. ನನ್ನನ್ನು ಯಾರೂ ಆರಿಸಲಿಲ್ಲ, ಹತ್ತಿರವಿದ್ದೆ. ಇದನ್ನು ತಿಳಿದುಕೊಂಡು ಸಂಸಾರ ಮಾಡಿ ನೋಡಿ, ಗೊತ್ತಾಗುತ್ತದೆ.

ಮದುವೆಗೆಂದು ಹೊಸ ಕಾರು ಬಂದದ್ದೇ ತಡ, ಸುಡುಗಾಡು ಗಿರಣಿ ಬೀದಿ ಮತ್ತೆ ನಮ್ಮೂರೊಳಗೆ ಬಂದು ಕೂತಿತು. ಮೊದಲ ವರ್ಷವೇ ಇವರು ಒಂದು ದಿನ ಅಲ್ಲಿಂದ ರಾಗಿ ಬೀಸಿಸಿಕೊಂಡು ಬಂದು, ಹಿಟ್ಟು ಎಷ್ಟು ನುಣ್ಣಗಿದೆ ನೋಡು ಎಂದು ನನ್ನ ಮುಂದೆ ಚೀಲ ಇಟ್ಟರು. ಮುದ್ದೆ ಮಾಡಿದೆ. ಅವರಿಗೆ ಬಡಿಸಿ ನಾನು ಮೊಸರನ್ನ ಉಂಡೆ. ಆಮೇಲೆ ಅವರು ಅಲ್ಲಿಗೆ ಹೋದರೋ ಬಿಟ್ಟರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರು ಕಾರು ತೆಗೆದಾಗಲೆಲ್ಲ ಗೇಟಿನ ತನಕ ಹೋಗಿ, ಯಾವ ಕಡೆಗೆ ತಿರುಗಿತು ಎಂದು ನೋಡಿ ಬರುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ, ಗಿರಣಿ ಬೀದಿ ಹೋಯ್ತು ಕಣೇ, ಕಾರು ವಾಪಸ್ ಮನೆಗೇ ಬಂತು ಎಂದು ಅವರೇ ಬಂದು ಹೇಳಿದರು. ಅವತ್ತು ನಾನು ಗಸಗಸೆ ಪಾಯಸ ಮಾಡಿದೆ. ಏನು ವಿಶೇಷ ಎಂದರು. ಗಸಗಸೆ ಉಳಿದಿತ್ತು ಎಂದೆ. ಅವತ್ತಿನಿಂದ ನನಗೆ ಕಣ್ತುಂಬ ನಿದ್ದೆ.

ಹಾಗೆಂದು ನೆಮ್ಮದಿಯಾಗಿದ್ದೆ ಎಂದುಕೊಳ್ಳಬೇಡಿ. ನನ್ನ ವಾರಗಿತ್ತಿ ಕೋಮಲ ಗೋಡೆಯಾಚೆಯ ಮನೆಯಲ್ಲೇ ಇದ್ದಾಳೆ. ಅವಳು ಹೊಸ ಕಾರು ತೆಗೆದುಕೊಂಡಳು, ಬಾನಿನ ಬಣ್ಣದ್ದು. ತೆಗೆದುಕೊಂಡವಳು ಸುಮ್ಮನಿರಬೇಕಲ್ಲ. ಅವಳ ಊರಿನಲ್ಲಿ ಕೆರೆ ಇದೆಯಂತೆ, ಕೆರೆಯಾಚೆ ಒಂದು ದಿಬ್ಬ ಇದೆಯಂತೆ, ದಿಬ್ಬದ ಮೇಲೆ ಬೇಕರಿ ಇದೆಯಂತೆ. ಆ ಬೇಕರಿಯ ಬೆಣ್ಣೆ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ಗೋಡೆಯ ಮೇಲಿಂದ ಕೊಡುತ್ತಾಳೆ, ಪಾಪ ನಿಮ್ಮೂರಲ್ಲಿ ಇದು ಸಿಗಲ್ಲ ಅಲ್ವಾ ಅಕ್ಕಾ ಎನ್ನುತ್ತಾಳೆ. ಮೈಯೆಲ್ಲ ಉರಿದು ಹೋಗುತ್ತದೆ. ಬಿಸ್ಕತ್ತು ಚೆನ್ನಾಗಿರುತ್ತದೆ ಎಂಬುದು ಬೇರೆ ಉರಿ. ಒಂದು ಹೊಟ್ಟೆಕಿಚ್ಚು ಹೊಸ ಕಾರು ತಾ ಎನ್ನುತ್ತಿತ್ತು, ಇನ್ನೊಂದು ಹೊಟ್ಟೆಕಿಚ್ಚು ತಂದರೆ ನೋಡು ಎನ್ನುತ್ತಿತ್ತು. ನಡುವೆ ನಾನು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣಮ್ಮ ಎಂದು ಕೋಮಲಳಿಗೆ ಉಪದೇಶ ಮಾಡಿ ತಟ್ಟೆ ವಾಪಸು ಕೊಡುತ್ತಿದ್ದೆ. ಈ ಮಾತು ಬೀದಿಯಲ್ಲೆಲ್ಲ ಹರಡಿತು. ಡ್ರಿಲ್ ಮಾಸ್ತರ ಹೆಂಡತಿ ಎಂಥ ಸರಳ ಜೀವಿ ಎಂದು ಜನ ಮೆಚ್ಚಿಕೊಂಡರು. ಮಹಿಳಾ ಸಮಾಜದವರು ಶಾಲು ಹೊದಿಸಿ, ತೃಪ್ತಿಯ ಬಗ್ಗೆ ನನ್ನಿಂದ ಭಾಷಣ ಮಾಡಿಸಿದರು. ಕೋಮಲ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಅವಳ ಕೈಯಲ್ಲಿ ಹೊಸ ಕಾರಿನ ಕೀ ಇತ್ತು.

ಇಷ್ಟೇ ಆಗಿದ್ದರೆ ಆ ಕಾರು ತುಕ್ಕು ಹಿಡಿದು ಉದುರುವ ತನಕ ನಾನು ಅದನ್ನು ಬಿಡುತ್ತಿರಲಿಲ್ಲ. ಆದರೆ ಅಂಚು ನಿಲ್ಲುವುದಿಲ್ಲವಲ್ಲ. ಕೆರೆಯನ್ನು, ಟಾಕೀಸನ್ನು, ಗಿರಣಿ ಬೀದಿಯನ್ನು ತಿಂದಾದ ಮೇಲೆ ಅದು ಮೆಲ್ಲಗೆ ನನ್ನ ಅಕ್ಕನ ಓಣಿಯ ಕಡೆಗೆ ಬರತೊಡಗಿತು.

ಅಕ್ಕ ನನ್ನನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಧಾರೆ ಎರೆದುಕೊಟ್ಟವಳು. ಭಾವ ತೀರಿಹೋದ ಮೇಲೆ ನಮ್ಮ ತವರುಮನೆಯಲ್ಲಿ ಒಬ್ಬಳೇ ಇದ್ದಾಳೆ. ಕಾರಿಲ್ಲ, ಮಂಡಿ ನೋವು, ಅವಳ ಊರೆಂದರೆ ಒಂದು ಓಣಿ, ಒಂದು ಬಾವಿ, ಒಂದು ಅಂಗಡಿ. ನಮ್ಮ ಮನೆಗೆ ಬಂದುಬಿಡು ಎಂದರೆ ತನ್ನ ಬಾವಿಯ ನೀರು ಬಿಟ್ಟು ಬೇರೆ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುತ್ತಾಳೆ. ಅವಳಾಗಿ ನಮ್ಮ ಮನೆಗೆ ಬರಲಾರಳು. ನಾನು ಹೋಗುವುದು ನಿಂತರೆ ನಿಂತಿತು, ಅವಳಿಗೆ ನಾನಿಲ್ಲ, ನನಗೆ ಅವಳಿಲ್ಲ.

ಇದು ನನಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಕಾರಿನ ಭಾರ ಇಳಿಸುತ್ತ ಬಂದೆ. ಸ್ಟೆಪ್ನಿ ತೆಗೆದೆ. ಹಿಂದಿನ ಸೀಟು ಬಿಚ್ಚಿಸಿ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿದೆ, ಬಂದವರು ಅದರ ಮೇಲೆ ಕೂರುತ್ತಿದ್ದರು. ಏಸಿ ಮುಟ್ಟುತ್ತಿರಲಿಲ್ಲ, ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಿಸುತ್ತಿದ್ದೆ. ನಮ್ಮವರನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಹೋಗತೊಡಗಿದೆ, ಡ್ರಿಲ್ ಮಾಸ್ತರೆಂಬ ಹೆಸರಷ್ಟೇ, ಶರೀರ ಭಾರಿ. ಹೋಗುವ ದಿನ ಬೆಳಿಗ್ಗೆ ತಿಂಡಿಯನ್ನೂ ತಿನ್ನುತ್ತಿರಲಿಲ್ಲ. ಅಕ್ಕನ ಮನೆ ಸೇರಿದರೆ ಅಲ್ಲಿಯೂ ಊಟ ಬೇಡ ಎನ್ನುತ್ತಿದ್ದೆ, ವಾಪಸು ಬರುವಾಗ ಭಾರವಾಗುತ್ತದಲ್ಲ. ನಾನು ಮಾಡಿದ ಸಾರು ನಿನಗೆ ಸೇರಲ್ವೇನೇ ಎಂದು ಅಕ್ಕ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಒಂದೊಂದು ಸಲ ಎದ್ದು ಹೊರಡುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಹಸಿವಿಗೋ ದುಃಖಕ್ಕೋ ಗೊತ್ತಾಗುತ್ತಿರಲಿಲ್ಲ.

ಚಳಿಗಾಲಕ್ಕೆ ಮೊದಲು ನಮ್ಮವರು ಇನ್ನೊಂದು ಸಲ ಮಾತು ತೆಗೆದರು. ಚಳಿಯಲ್ಲಿ ಬ್ಯಾಟರಿ ಇನ್ನಷ್ಟು ಕುಗ್ಗುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ. ಪೀಪಿಯನ್ನು ಕೊರಳಿಗೆ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು.

"ನೋಡೇ, ನಿಮ್ಮಕ್ಕನ ಓಣಿ ಈ ಚಳಿ ದಾಟಲ್ಲ. ಕಾರು ಬದಲಾಯಿಸೋಣ."

ಅಕ್ಕನ ಓಣಿ ಎಂದು ಅವರು ಅಂದರು, ಗಿರಣಿ ಬೀದಿ ಎಂದು ನನಗೆ ಕೇಳಿಸಿತು. ಮುಖ ಯಾಕೆ ನೋಡಲಿಲ್ಲ? ಅಕ್ಕನ ಮೇಲೆ ಇದ್ದಕ್ಕಿದ್ದಂತೆ ಇದೆಂಥ ಪ್ರೀತಿ? ಕಾರು ಇನ್ನೂ ಗಟ್ಟಿಮುಟ್ಟಾಗಿದೆ, ಸಂಕ್ರಾಂತಿ ಕಳೆಯಲಿ ಎಂದೆ. ಅವರು ಶಾಲೆಗೆ ಹೋದರು.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲದ ಡಬ್ಬಿ, ಸಕ್ಕರೆ ಅಚ್ಚು, ಎರಡು ಜಲ್ಲೆ ಕಬ್ಬು ಇಟ್ಟುಕೊಂಡು ಹೊರಟೆ. ಚಳಿ ಚುರುಕಾಗಿತ್ತು. ಅಕ್ಕನ ಓಣಿಗೆ ತಿರುಗುವಲ್ಲಿ ಒಂದು ಸೈಕಲ್ ಅಂಗಡಿ ಇದೆ. ಅದು ಕಾಣಿಸಿತು, ತಿರುಗಿಸಿದೆ, ಎದುರಿಗೆ ನಮ್ಮ ಮನೆ ಗೇಟು. ನಮ್ಮವರು ತುಳಸಿಗೆ ನೀರು ಹಾಕುತ್ತಿದ್ದರು. ನಾನು ಇಳಿದು ಕಬ್ಬಿನ ಜಲ್ಲೆಗಳನ್ನು ಗೋಡೆಗೆ ಆನಿಸಿ ಮತ್ತೆ ಹೋದೆ. ಸೈಕಲ್ ಅಂಗಡಿ, ತಿರುವು, ಗೇಟು. ಸಕ್ಕರೆ ಅಚ್ಚು ಇಳಿಸಿದೆ, ಚಪ್ಪಲಿ ಬಿಟ್ಟೆ, ಕೈಯ ಬಳೆಗಳನ್ನೂ ಬಿಚ್ಚಿಟ್ಟು ಹೋದೆ. ಈ ಸಲ ಸೈಕಲ್ ಅಂಗಡಿಯೂ ಬರಲಿಲ್ಲ. ಗೇಟಿನ ಮುಂದೆ ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ. ಅಕ್ಕ ಹೊಸಿಲಿಗೆ ರಂಗೋಲಿ ಹಾಕಿ ಓಣಿಯ ತುದಿ ನೋಡುತ್ತ ಕೂತಿರುತ್ತಾಳೆ ಎಂದು ನೆನಪಾಯಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಹೊಸ ಕಾರು ತನ್ನಿ ಎಂದೆ. ನಮ್ಮವರು, ಆಗಲೇ ಹೇಳಿದ್ದೆನಲ್ಲ ಎಂದು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವತ್ತೇ ಹೋಗಿ ಬುಕ್ ಮಾಡಿ ಬಂದರು, ಯುಗಾದಿಗೆ ಬರುತ್ತದೆ ಎಂದರು. ಕೋಮಲ ಗೋಡೆಯ ಮೇಲಿಂದ ಇಣುಕಿ, ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಬನ್ನಿ ಅಕ್ಕಾ, ನಮ್ಮೂರಲ್ಲಿ ನಿಮ್ಮಕ್ಕನ ಮನೆ ಇದೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಅವಳ ಬಾನ ಬಣ್ಣದ ಕಾರಿನಲ್ಲಿ ಕೂತು, ನನ್ನ ಅಕ್ಕನನ್ನು ಅವಳ ಊರಿನಲ್ಲಿ ನೋಡುವುದೇ? ಬೇಡಮ್ಮ, ನಿನಗ್ಯಾಕೆ ತೊಂದರೆ ಎಂದೆ. ಯುಗಾದಿಯ ತನಕ ಆ ಬೇಡ ಎಂಬ ಮಾತನ್ನು ನುಂಗಿಕೊಂಡು ಕೂತೆ.

ಕಾರು ಬಂತು, ಬಿಳಿಯದು. ನಾವಿಬ್ಬರೂ ಹೊರಟೆವು. ಸೈಕಲ್ ಅಂಗಡಿಯ ಹತ್ತಿರ ತಿರುಗಿದರೆ ಅಕ್ಕನ ಓಣಿ, ಬಾವಿ, ಅಕ್ಕನ ಮನೆ. ಮನೆಯ ಮುಂದೆ ಒಂದು ದೊಡ್ಡ ಕಾರು ನಿಂತಿತ್ತು. ಅದರ ಸೀಟಿನ ಮೇಲೆಲ್ಲ ಬೂದು ಬಣ್ಣದ ಪುಡಿ. ಕಿಟಕಿಯ ಹತ್ತಿರ ಹೋದೆ, ರಾಗಿ ಹಿಟ್ಟಿನ ವಾಸನೆ ಬಂತು. ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಂದುಮತಿ ಅಕ್ಕನ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಇಷ್ಟು ವರ್ಷ ಮನಸ್ಸಿನಲ್ಲಿ ನಾನು ಸಾಕಿದ್ದ ಇಂದುಮತಿ ಬೇರೆ, ಜರತಾರಿ ಸೀರೆಯವಳು. ಇವಳ ತಲೆಗೂದಲು ಬೆಳ್ಳಗಿತ್ತು, ಹಿಟ್ಟಿನಿಂದಲೋ ವಯಸ್ಸಿನಿಂದಲೋ. ಅವಳು ಎದ್ದು ನಿಂತು ನಮ್ಮವರನ್ನು ನೋಡಿದಳು. ನಾನು ನಮ್ಮವರನ್ನು ನೋಡಿದೆ, ಅವಳನ್ನು ನೋಡಿದೆ, ಮತ್ತೆ ನಮ್ಮವರನ್ನು ನೋಡಿದೆ. ಎಷ್ಟು ದೂರ ಕೊಡುತ್ತದೆ ಎಂದು ಅವಳು ಹೊಸ ಕಾರಿನ ಬಗ್ಗೆ ಕೇಳಿದಳು. ಕಂಪನಿಯವರು ಹೇಳುವುದೊಂದು, ಕೊಡುವುದೊಂದು ಎಂದು ಇವರು ಹೇಳಿದರು. ಇಬ್ಬರೂ ನಿಂತು ಬ್ಯಾಟರಿಯ ಬಗ್ಗೆ ಮಾತಾಡಿದರು, ಅದು ಮುಗಿದ ಮೇಲೆ ಟೈರಿನ ಬಗ್ಗೆ ಮಾತಾಡಿದರು. ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಸಂತೋಷವಾಗಬೇಕಿತ್ತು. ನನ್ನ ಗಂಡನನ್ನು ನೋಡಿ ಇವಳಿಗೆ ಇಷ್ಟೇ ಅನ್ನಿಸಿತೇ ಎಂದು ಅದಕ್ಕೂ ಸಿಟ್ಟು ಬಂತು.

ಒಳಗೆ ಅಕ್ಕ ಒಲೆಯ ಮುಂದಿದ್ದಳು. ನನ್ನ ಕೆನ್ನೆ ಸವರಿ, ಇಳಿದುಹೋಗಿದೀಯ, ಇವತ್ತಾದರೂ ಉಣ್ತೀಯೋ ಇಲ್ವೋ ಎಂದು ಕೇಳಿದಳು. ಉಣ್ಣುತ್ತೇನೆ ಎಂದೆ. ಸಾರಿಗೆ ಉಪ್ಪು ಹಾಕು ಎಂದಳು. ಒಲೆಯ ಪಕ್ಕದ ಗೂಡಿಗೆ ಕೈ ಹಾಕಿದೆ, ಹುಟ್ಟಿದಾಗಿನಿಂದ ಉಪ್ಪಿನ ಭರಣಿ ಅಲ್ಲೇ ಇರುತ್ತಿತ್ತು. ಇರಲಿಲ್ಲ.

"ಅಲ್ಲಿಲ್ಲ, ಅದು ಮೇಲಿನ ಗೂಡಲ್ಲಿದೆ," ಎಂದಳು ಬಾಗಿಲಲ್ಲಿ ಅಲಸಂದೆಕಾಳಿನ ಮೊರ ಹಿಡಿದು ನಿಂತಿದ್ದ ಇಂದುಮತಿ.

ಇರುವೆ ಬರುತ್ತೆ ಅಂತ ಇವಳೇ ಎತ್ತಿಟ್ಟಳು ಎಂದು ಅಕ್ಕ ನಗುತ್ತ ಹೇಳಿದಳು. ಮನೆ ಮನೆಗೆ ಹಿಟ್ಟು ಕೊಡಲು ಇಂದುಮತಿ ಕಾರು ತೆಗೆದುಕೊಂಡು ವರ್ಷವಾಗಿತ್ತಂತೆ. ಚಳಿಗಾಲವೆಲ್ಲ ಅವಳೇ ಬಂದು ಅಕ್ಕನ ಮಂಡಿಗೆ ಎಣ್ಣೆ ತಿಕ್ಕಿದ್ದಳು, ಕೆರೆ ತೋರಿಸಿಕೊಂಡು ಬಂದಿದ್ದಳು. ದಿಬ್ಬದ ಬೇಕರಿಯ ಬಿಸ್ಕತ್ತೂ ಅಕ್ಕನ ಡಬ್ಬಿಯಲ್ಲಿತ್ತು. ಸಂಕ್ರಾಂತಿಯ ಎಳ್ಳನ್ನೂ ಅವಳೇ ತಂದುಕೊಟ್ಟಳಂತೆ. ಗಂಡನನ್ನು ಕಾಯುತ್ತ ನಾನು ಮುಂಬಾಗಿಲಲ್ಲಿ ಕೂತಿದ್ದೆ, ಹಿತ್ತಲಿನಿಂದ ಅಕ್ಕನನ್ನು ಕೊಂಡೊಯ್ದಿದ್ದಳು. ಅವಳು ಮೊರ ಇಟ್ಟು ಹೊರಗೆ ಹೋದ ಮೇಲೆ ಅಕ್ಕ ದನಿ ತಗ್ಗಿಸಿದಳು.

"ನಿನ್ನ ನೋಡ್ಬೇಕು ಅಂತ ಅತ್ತಿದ್ದಕ್ಕೆ ನಿಮ್ಮ ಬೀದಿ ತುದಿವರೆಗೂ ಕರ್ಕೊಂಡು ಬಂದಿದ್ಲು ಕಣೇ. ಆ ಮನೆ ಗೇಟಿನ ಮುಂದೆ ನನ್ನ ಕಾರು ನಿಲ್ಲೋದು ಬೇಡ, ನೀವು ಇಳಿದು ಹೋಗಿ ಬನ್ನಿ ಅಂದ್ಲು. ನಾನೆಲ್ಲಿ ನಡೀಲಿ? ನಿಮ್ಮನೆ ತೆಂಗಿನಮರ ನೋಡ್ಕೊಂಡು ವಾಪಸ್ ಬಂದ್ವಿ."

"ಅವಳ್ಯಾಕೆ ಹಾಗಂದ್ಲು?"

"ನೀನು ಹಳೇ ಕಾರು ಯಾಕೆ ಇಟ್ಕೊಂಡಿದ್ದೆ ಅಂತ ಎಲ್ರಿಗೂ ಗೊತ್ತು ಚಂಪಿ. ನಿನ್ನ ಗಂಡನಿಗೂ ಗೊತ್ತು."

ಊಟ ಮಾಡಿದೆ. ಉಪ್ಪು ಸರಿಯಾಗಿತ್ತು. ವಾಪಸು ಬರುವಾಗ ನಮ್ಮವರ ಪಕ್ಕದಲ್ಲಿ ಕೂತು ನಾನು ಒಂದೇ ಯೋಚನೆ ಮಾಡಿದೆ. ಅಕ್ಕನಿಗೆ ಅವಳ ಕಾರಿನ ಹಂಗು ಇರಬಾರದು. ಹಳೇ ಕಾರನ್ನು ಒಯ್ಯಲು ಶೋರೂಮಿನವರು ಬರುವವರಿದ್ದರು. ಅವರಿಗೆ ಕೊಡುವುದು ಬೇಡ, ಅಕ್ಕನಿಗೆ ಕೊಡೋಣ ಎಂದೆ. ಕಾರು ಬಂದರೆ ಅಕ್ಕನ ಮನೆಗೂ ಲೈನು ಬರುತ್ತದೆ, ನಮ್ಮ ಪ್ಲಗ್ಗು ಅವಳಿಗೆ ಕೊಟ್ಟರೆ ಬರುವ ಲೆಕ್ಕವೊಂದೇ ಸಾಕು, ಆ ಮುದಿ ಬ್ಯಾಟರಿ ಅಷ್ಟು ದೂರ ಬಂದೇ ಬರುತ್ತದೆ. ಅವಳೇ ಓಡಿಸಿಕೊಂಡು ನಮ್ಮ ಮನೆಗೆ ಬರಲಿ, ಗಿರಣಿಯವಳಿಗೆ ಅಲ್ಲೇನು ಕೆಲಸ. ಈ ಕೊನೆಯ ಮಾತನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮವರು ರಸ್ತೆ ನೋಡುತ್ತ, ಆಗಲಿ ಎಂದರು.

ಲೈನು ಬಂತು. ಇವರು ಹಳೇ ಕಾರು ಓಡಿಸಿಕೊಂಡು ಮುಂದೆ, ನಾನು ಹೊಸದರಲ್ಲಿ ಹಿಂದೆ, ಹೋಗಿ ಅಕ್ಕನ ಮನೆಯ ಮುಂದೆ ನಿಲ್ಲಿಸಿ ಬಂದೆವು. ಈ ವಯಸ್ಸಿಗೆ ಕಾರೇ ಎಂದು ಅಕ್ಕ ಮೊದಲು ನಕ್ಕಳು, ಆಮೇಲೆ ಬಾಗಿಲು ತೆರೆದು ಮುಚ್ಚಿ ತೆರೆದು ನೋಡಿದಳು. ಭಾನುವಾರ ಬಂದು ಕಲಿಸುತ್ತೇನೆ, ಅಲ್ಲಿಯ ತನಕ ಮುಟ್ಟಬೇಡ ಎಂದು ಹೇಳಿ ಬಂದೆ. ಒಡಹುಟ್ಟಿದವಳಿಗೆ ಕಾರನ್ನೇ ಕೊಟ್ಟ ಪುಣ್ಯಾತ್ಗಿತ್ತಿ ಎಂದು ಬೀದಿಯವರು ಹೊಗಳಿದರು. ಮಹಿಳಾ ಸಮಾಜದವರು ಇನ್ನೊಂದು ಶಾಲಿನ ಮಾತು ತೆಗೆದರು, ಈ ಸಲದ ಭಾಷಣ ತ್ಯಾಗದ ಬಗ್ಗೆಯಂತೆ.

ಭಾನುವಾರ ಇನ್ನೂ ಬಂದಿರಲಿಲ್ಲ, ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಗೇಟಿನ ಹೊರಗೆ ಆ ಹಳೇ ಹಾರ್ನು ಕೇಳಿಸಿತು, ನೆಗಡಿಯಾದವರ ದನಿ ಅದರದು. ಓಡಿ ಬಂದೆ. ಸ್ಟಿಯರಿಂಗ್ ಹಿಂದೆ, ಮಡಿಚಿದ ಕಂಬಳಿಯ ಮೇಲೆ ಏರಿ ಕೂತು, ಅಕ್ಕ. ಮುಖವೆಲ್ಲ ಬೆವರು, ಬಾಯಿತುಂಬ ನಗೆ. ಪಕ್ಕದಲ್ಲಿ, ಇಷ್ಟು ವರ್ಷ ನಾನು ಕೂತಿದ್ದ ಸೀಟಿನಲ್ಲಿ, ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟುಕೊಂಡು ಇಂದುಮತಿ. ಕಲಿಸಿದವಳು ಅವಳೇ. ಯಾರನ್ನು ದೂರವಿಡಲೆಂದು ನಾನು ಆ ಕಾರನ್ನು ಮುದಿಯಾಗಲು ಬಿಟ್ಟಿದ್ದೆನೋ ಅವಳನ್ನು ಅದೇ ಕಾರು ತಂದು ನನ್ನ ಬಾಗಿಲಿಗೆ ಇಳಿಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ಆದರೆ ಅವಳು ಇಳಿದಿರಲಿಲ್ಲ.

"ನನ್ನ ಕಾರಲ್ಲಾದ್ರೆ ಬರ್ತಿರಲಿಲ್ಲ," ಎಂದಳು ಕೂತಲ್ಲಿಂದಲೇ. "ಇದು ನಿಮ್ಮದೇ ಕಾರಲ್ವಾ, ಅದಕ್ಕೆ ಗೇಟಿನ ತನಕ ಬಂದೆ. ನೀವು ಅಕ್ಕ ತಂಗಿ ಮಾತಾಡ್ಕೊಳಿ. ನಾನು ಇಲ್ಲೇ ಇರ್ತೀನಿ."

ಅಷ್ಟರಲ್ಲಿ ನಮ್ಮವರು ಪೀಪಿ ಹಾಕಿಕೊಂಡು ಹೊರಗೆ ಬಂದರು. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರು ಮೊದಲು ಕಾರಿನ ಬಾನೆಟ್ಟು ತಟ್ಟಿದರು, ಪರವಾಗಿಲ್ಲವಲ್ಲ, ಬಂತಲ್ಲ ಎಂದರು. ಆಮೇಲೆ ಅಕ್ಕನ ಕೈ ಹಿಡಿದು ಇಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಬರ್ತೀನಿ ಕಣೇ, ಪ್ರೇಯರಿಗೆ ಹೊತ್ತಾಯಿತು ಎಂದು ಹೊರಟರು. ಇಂದುಮತಿಗೆ ಒಂದು ನಮಸ್ಕಾರ, ಅಷ್ಟೇ.

ನಾನು ಪ್ಲಗ್ಗಿನ ವೈರು ಹಿಡಿದು ಗೇಟಿನಲ್ಲಿ ನಿಂತೆ. ಕಾರಿನಲ್ಲಿ ಚಾರ್ಜು ಒಂದು ಗೆರೆಯೂ ಉಳಿದಿರಲಿಲ್ಲ. ಹೊಸ ಬ್ಯಾಟರಿಯಾದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತುಂಬುತ್ತದೆ. ಇದು ಮುದಿಯದು, ಸಾಯಂಕಾಲವಾಗುತ್ತದೆ, ನನಗಿಂತ ಚೆನ್ನಾಗಿ ಬಲ್ಲವರು ಯಾರು. ಅಲ್ಲಿಯ ತನಕ ಬಿಸಿಲಲ್ಲಿ, ಕಾರಿನೊಳಗೆ, ಹಿಟ್ಟಿನ ತಲೆಯ ಆ ಹೆಂಗಸು ಕೂತಿರುತ್ತಾಳೆ. ಕೋಮಲ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದಳು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ಮಿಠಾಯಿ ಹಂಚಿಕೊಳ್ಳುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಂತೆ.

ವೈರು ಸಿಕ್ಕಿಸಿದೆ. ಆ ಕಡೆ ಹೋಗಿ ಬಾಗಿಲು ತೆಗೆದು, ಇದು ತುಂಬೋಕೆ ಸಂಜೆಯಾಗುತ್ತೆ, ಒಳಗೆ ಬನ್ನಿ, ಇಲ್ಲೇ ಊಟ ಎಂದೆ. ಅವಳು ಸೆರಗು ಕೊಡವಿಕೊಂಡು ಇಳಿದಳು. ಅಕ್ಕನ ಮಂಡಿ ನೋವಿನ ನಡಿಗೆಗೆ ಹೆಜ್ಜೆ ಕೂಡಿಸಿ, ಅವಳ ಮೊಣಕೈ ಹಿಡಿದು, ನಿಧಾನವಾಗಿ ನನ್ನ ಮನೆಯ ಮೆಟ್ಟಿಲು ಹತ್ತಿದಳು. ನಾನು ಅವರಿಬ್ಬರನ್ನೂ ದಾಟಿಕೊಂಡು ಮುಂದೆ ಓಡಿದೆ, ಪಡಸಾಲೆ ದಾಟಿ ನೇರ ಅಡಿಗೆಮನೆಗೆ ಹೋದೆ. ಉಪ್ಪಿನ ಭರಣಿಯನ್ನು ಎತ್ತಿ, ಯಾರ ಕಣ್ಣಿಗೂ ಬೀಳದ ಹಾಗೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.